ನಾನು ಬಿಟ್ಟ ‘ಅಂತ’

ನಾನು ಚಿಂತೆ ಮಾಡುವ ಮನುಷ್ಯ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಓಣಿಯ ತಿರುವಿನ ತನಕ ಹೋದ ಮೇಲೆ, ಜಗ್ಗಿದ್ದು ಖರೆಯೋ, ಜಗ್ಗಿದೆನೆಂದು ಅಂದುಕೊಂಡದ್ದೋ ಎಂಬ ಅನುಮಾನ ಹುಟ್ಟಿ ತಿರುಗಿ ಬರುತ್ತೇನೆ. ಐವತ್ತು ದಾಟಿದ ಮೇಲೆ ಹೀಗೆ ತಿರುಗಿ ಬರುವುದಕ್ಕೆ ಮೊಣಕಾಲೂ ತಕರಾರು ಮಾಡುತ್ತಿದೆ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಇದ್ದರೂ ಇರಬಹುದು. ಆದರೆ ಚಿಂತೆ ಮಾಡಬೇಕಾದ ಕಡೆ ಮಾಡದೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಒಂದು ಸಲ ಕಣ್ಣಾರೆ ಕಂಡಿದ್ದೇನೆ. ಆ ಸಲ ನನ್ನನ್ನು ದಡ ಮುಟ್ಟಿಸಿದವರು ಒಬ್ಬ ಸೂಲಗಿತ್ತಿ, ಒಬ್ಬ ಪೇಶ್ಕಾರರು, ಒಬ್ಬ ಮುನ್ಸಿಫರು. ಮೂವರೂ ಈಗಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ಅವರಿದ್ದಾಗ ಸರಿಯಾಗಿ ಹೇಳಲಿಲ್ಲ. ಹೇಳುವಾಗ ಎಲ್ಲಿ ತಪ್ಪುತ್ತೇನೋ ಎಂಬ ಚಿಂತೆಯಿತ್ತು. ಈಗ ಬರೆಯುತ್ತಿದ್ದೇನೆ, ತಪ್ಪಿದರೆ ತಿದ್ದುವವರೂ ಇಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ಮೂರ್ನಾಲ್ಕು ವರ್ಷ ಕಳೆದಿತ್ತು. ಹೈದರಾಬಾದು ರಾಜ್ಯದಲ್ಲಿ ಆಳುವವರು ಬದಲಾಗಿದ್ದರು, ಕಚೇರಿಯ ಕಾಗದ ಬದಲಾಗಿರಲಿಲ್ಲ. ನಾನಿದ್ದ ಅದಾಲತ್ತಿನಲ್ಲಿ ಬರವಣಿಗೆ ಮೊದಲಿನಂತೆಯೇ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ ನಡೆದಿತ್ತು. ಅದು ಯಾವ ತಾಲೂಕು ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಊರಿನ ಮೇಲೆ ಯಾಕೆ ಹಾಕಲಿ? ಸೇಡಮ್ಮಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಊರು ಎಂದರೆ ಸಾಕು. ಸೇಡಂ ನನ್ನ ಊರು. ಅಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಉರ್ದು ಓದಿ ಬೆಳೆದವನು ನಾನು. ಈ ಎರಡು ಭಾಷೆಯ ಪುಣ್ಯದಿಂದ ನನಗೆ ಅದಾಲತ್ತಿನಲ್ಲಿ ಮುತರ್ಜಿಮನ ಕೆಲಸ, ಎಂದರೆ ತರ್ಜುಮೆ ಮಾಡುವ ಕೆಲಸ ಸಿಕ್ಕಿತ್ತು. ಹಂಗಾಮಿ ಕೆಲಸ. ಹಳ್ಳಿಯ ಸಾಕ್ಷಿದಾರರು ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಅದನ್ನು ಉರ್ದುವಿನಲ್ಲಿ ಬಯಾನಾಗಿ, ಎಂದರೆ ಹೇಳಿಕೆಯಾಗಿ ಬರೆದು ಮುನ್ಸಿಫ ಸಾಹೇಬರ ಮುಂದಿಡುತ್ತಿದ್ದೆ. ಅವರು ಹೈದರಾಬಾದು ಶಹರದವರು. ಅವರಿಗೆ ಬರುತ್ತಿದ್ದ ಕನ್ನಡವೆಂದರೆ ‘ಬರ್ರಿ’, ‘ಕುಂದ್ರಿ’, ‘ಸುಳ್ಳು’ ಇಷ್ಟೇ. ಅದಾಲತ್ತು ನಡೆಸಲು ಅಷ್ಟು ಸಾಕಾಗುತ್ತಿತ್ತು.

ನನ್ನ ಉರ್ದುವಿನ ಬಗ್ಗೆ ನನಗೆ ಜಂಬವಿತ್ತು. ಅಕ್ಷರ ಮುತ್ತು ಪೋಣಿಸಿದ ಹಾಗೆ, ವಾಕ್ಯ ಚಿಕ್ಕದು, ಚೊಕ್ಕದು. ಹಳ್ಳಿಯವರು ಒಂದು ತಾಸು ಹೇಳಿದ್ದನ್ನು ನಾನು ಅರ್ಧ ಪುಟದಲ್ಲಿ ಕೂರಿಸುತ್ತಿದ್ದೆ. ಕೂರಿಸಬೇಕಾದರೆ ಏನಾದರೂ ಬಿಡಬೇಕಲ್ಲ? ಮೊದಲು ಬಿಟ್ಟಿದ್ದು ‘ಅಂತ’ವನ್ನು.

ನಮ್ಮ ಕಡೆ ‘ಮಳಿ ಬಂದದ’ ಎಂದರೆ ಅದು ನೆಂದು ಬಂದವನ ಮಾತು. ‘ಮಳಿ ಬಂದದಂತ’ ಎಂದರೆ ನೆಂದವನನ್ನು ಕೇಳಿ ಬಂದವನ ಮಾತು. ನೋಡಿದ್ದಕ್ಕೆ ಅಂತ ಹತ್ತುವುದಿಲ್ಲ, ಕೇಳಿದ್ದಕ್ಕೆ ಹತ್ತುತ್ತದೆ. ಇದನ್ನು ಯಾವ ಶಾಲೆಯಲ್ಲೂ ಕಲಿಸಲಿಲ್ಲ; ಕಲಿಸದೆ ಬಂದದ್ದಾದ್ದರಿಂದ ಅದಕ್ಕೆ ಬೆಲೆಯೂ ಇಲ್ಲವೆಂದು ನಾನು ತಿಳಿದಿದ್ದೆ. ಹಳ್ಳಿಯ ಮಾತಿಗೆ ಅಂಟಿಕೊಂಡ ಬಾಲ, ಕತ್ತರಿಸಿದರೆ ವಾಕ್ಯ ಚೆಂದ ಕಾಣುತ್ತದೆ ಎಂದು ಕತ್ತರಿಸುತ್ತ ಹೋದೆ. ಉರ್ದುವಿನಲ್ಲಿ ಅದನ್ನು ಬರೆಯಲು ಬರುವುದಿಲ್ಲ ಎಂದಲ್ಲ. ‘ಸುನಾ ಹೈ’ ಎಂದು ಎರಡು ಪದ ಹಾಕಿದ್ದರೆ ಮುಗಿಯುತ್ತಿತ್ತು. ಭಾಷೆಗೆ ಕೊರತೆಯಿರಲಿಲ್ಲ, ನನಗೆ ಸೋಮಾರಿತನವಿತ್ತು.

ನಾಚಿಕೆಯ ಸಂಗತಿಯೆಂದರೆ ಈ ‘ಅಂತ’ದ ಬೆಲೆ ನನಗೆ ಗೊತ್ತಿರಬೇಕಾಗಿತ್ತು. ನಲವತ್ತೆಂಟರ ಆ ಗದ್ದಲದ ತಿಂಗಳುಗಳಲ್ಲಿ ನಮ್ಮ ಓಣಿಯೆಲ್ಲ ಬದುಕಿದ್ದು ಅದರ ಮೇಲೆಯೇ. ‘ವಾಡಿಯಾಗ ರೈಲು ನಿಂತಾವಂತ’, ‘ಚಿತ್ತಾಪುರದ ರಸ್ತಾ ಬಂದಾಗ್ಯಾದಂತ’, ‘ಇತ್ತಕಡೀನೇ ಬರಲಿಕತ್ತಾರಂತ’. ಯಾರಾದರೂ ಓಡಿಬಂದು ಹೀಗೆ ಹೇಳಿದರೆ ನನ್ನ ತಾಯಿ ಒಲೆಯ ಮುಂದಿನಿಂದ ಏಳದೆ ಒಂದೇ ಮಾತು ಕೇಳುತ್ತಿದ್ದಳು: “ಬರಲಿಕತ್ತಾರೇನು, ಬರಲಿಕತ್ತಾರಂತೇನು?” ‘ಅಂತ’ ಇದ್ದರೆ ಹಂಚಿನ ಮೇಲಿನ ರೊಟ್ಟಿ ಬೇಯುವ ತನಕ ಕಾಯಬಹುದು. ಇಲ್ಲದಿದ್ದರೆ ಹಂಚು ಇಳಿಸಿ ಎದ್ದು ನಡೆಯಬೇಕು. ನಾವು ಒಂದು ಸಲವೂ ಹಂಚು ಇಳಿಸಲಿಲ್ಲ. ಅಂಥ ತಾಯಿಯ ಮಗ ನಾನು, ಅರ್ಧ ಪುಟದ ಚೆಂದಕ್ಕಾಗಿ ‘ಅಂತ’ ಕತ್ತರಿಸುತ್ತ ಕೂತಿದ್ದೆ.

ಆ ವರ್ಷ ಚಿಂಚೋಳಿ ಕಡೆಯ ಹಳ್ಳಿಯೊಂದರಿಂದ ಒಂದು ದಾವೆ ಬಂತು. ಭಾಗವಾಗಿ ಬೇರೆಯಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ತೀರಿಕೊಂಡಿದ್ದ. ಅವನ ಹೆಂಡತಿ ಮೊದಲೇ ಹೋಗಿದ್ದಳು. ಉಳಿದವಳು ಒಬ್ಬಳೇ ಮಗಳು, ಇಪ್ಪತ್ತರ ಒಳಗಿನ ಹುಡುಗಿ. ಅಪ್ಪನ ಮನೆಯಲ್ಲಿ ಅವಳು ಕೂತಿದ್ದಳು. ಚಿಕ್ಕಪ್ಪ ಬಂದು, ‘ಇವಳು ನಮ್ಮಣ್ಣನ ಮಗಳೇ ಅಲ್ಲ, ಮಕ್ಕಳಿಲ್ಲದ್ದಕ್ಕೆ ನಮ್ಮ ಅತ್ತಿಗೆ ಎಲ್ಲಿಂದಲೋ ತಂದು ಸಾಕಿದ ಕೂಸು, ಮನೆ ನನಗೆ ಸೇರಬೇಕು’ ಎಂದು ದಾವೆ ಹಾಕಿದ್ದ. ಹುಡುಗಿಯ ಕಡೆಗೆ ಸಾಕ್ಷಿಯೆಂದು ಇದ್ದವಳು ಒಬ್ಬಳೇ: ಹುಟ್ಟುವಾಗ ಅವಳನ್ನು ಹಿಡಿದ ಸೂಲಗಿತ್ತಿ.

ಅವಳು ಬಂದ ದಿನ ನನಗೆ ನೆನಪಿದೆ. ತೆಳ್ಳನೆಯ ಮುದುಕಿ, ಬಾಯಲ್ಲಿ ಎಲೆ, ಕಂಕುಳಲ್ಲಿ ಬಟ್ಟೆಯ ಗಂಟು. ಎಲ್ಲರೂ ನಡುಗುವ ಕಟಕಟೆಯಲ್ಲಿ ಅವಳು ಸ್ವಂತ ಪಡಸಾಲೆಯಲ್ಲಿ ನಿಂತ ಹಾಗೆ ನಿಂತಳು. ನಾನು ಪ್ರಮಾಣ ಮಾಡಿಸಲು ಹೋದೆ.

“ಖರೇನೇ ಹೇಳ್ತೀನಿ ಅನ್ನು, ಆಯಿ.”

“ಖರೇ ಅಂದ್ರ ಯಾವುದಪ್ಪಾ? ಬರೇ ಕಂಡದ್ದಾ, ಕೇಳಿದ್ದೂ ಸೇರ್ತದಾ?”

“ಎಲ್ಲಾ ಸೇರ್ತದ. ಅನ್ನು, ಸಾಹೇಬ್ರಿಗಿ ಟೈಮಿಲ್ಲ.”

“ಎಲ್ಲಾ ಹ್ಯಾಂಗ ಸೇರ್ತದ?” ಎಂದು ಅವಳು ನನ್ನನ್ನೇ ಅನುಮಾನದಿಂದ ನೋಡಿ, ಆಮೇಲೆ ಪ್ರಮಾಣ ಮಾಡಿದಳು.

ಅವಳು ಹೇಳಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ಹುಡುಗಿ ತನ್ನ ಕೈಯಲ್ಲಿ ಹುಟ್ಟಿದಳು, ಹೊಕ್ಕುಳ ಬಳ್ಳಿ ಕೊಯ್ದದ್ದು ತಾನೇ. ಅಪ್ಪ ಆ ದಿನ ಮನೆಯಲ್ಲಿ ಇರಲಿಲ್ಲ. ಶಹಾಬಾದಿಗೆ ಕಲ್ಲು ಒಡೆಯಲು ಹೋಗಿದ್ದ. ನಾನು ಬರೆದೆ. ಬಯಾನು ಬರೆದ ಮೇಲೆ ಅದನ್ನು ಸಾಕ್ಷಿದಾರರಿಗೆ ಅವರ ಮಾತಿನಲ್ಲಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸುವುದು ರೂಢಿ. ಓದಿದೆ, ಒತ್ತಿದಳು. ಪೇಶ್ಕಾರರು, ಎಂದರೆ ಮುನ್ಸಿಫರ ಪಕ್ಕದಲ್ಲಿ ಕೂತು ದಾವೆಯ ಕಡತ, ಅದೇ ಮಿಸಲು, ನೋಡಿಕೊಳ್ಳುವ ಹಿರಿಯ ಗುಮಾಸ್ತರು, ಕೆಳಗೆ ಸಹಿ ಮಾಡಿ, “ವಾಹ್ ಮಿಯಾ, ಅರ್ಧ ಪುಟದಾಗ ಮುಗಿಸೀರಿ” ಎಂದರು. ಸಂಜೆಯ ತನಕ ನಾನು ಆ ಹೊಗಳಿಕೆಯ ಮೇಲೆಯೇ ನಡೆದಾಡಿದೆ.

ಮುಂದಿನ ಪೇಶಿಗೆ, ಎಂದರೆ ವಿಚಾರಣೆಗೆ, ಚಿಕ್ಕಪ್ಪನ ವಕೀಲರು ಇಬ್ಬರು ಸಾಕ್ಷಿಗಳನ್ನು ತಂದರು. ಹುಡುಗಿಯ ಅಪ್ಪ ಆ ವರ್ಷ ಶಹಾಬಾದಿಗೆ ಕಾಲಿಟ್ಟಿರಲೇ ಇಲ್ಲ, ವಾಡಿ ಟೇಶನ್ನಿನಲ್ಲಿ ತಮ್ಮ ಜೊತೆಗೇ ಹಮಾಲಿ ಮಾಡುತ್ತಿದ್ದ ಎಂದು ಇಬ್ಬರೂ ಹೇಳಿದರು. ಅವರು ಹೇಳಿದ್ದು ಖರೆಯೇ ಆಗಿತ್ತು. ವಕೀಲರು ನಾನು ಬರೆದ ಬಯಾನನ್ನು ಕೈಯಲ್ಲಿ ಹಿಡಿದು, “ಹುಜೂರ್, ಈ ಹೆಂಗಸು ಪ್ರಮಾಣ ಮಾಡಿ ‘ಅಪ್ಪ ಶಹಾಬಾದಿಗೆ ಹೋಗಿದ್ದ’ ಎಂದಿದ್ದಾಳೆ. ಇದು ಹಸೀ ಸುಳ್ಳು. ಒಂದು ಸುಳ್ಳು ಹೇಳಿದವಳು ಇನ್ನೊಂದು ಹೇಳುವುದಿಲ್ಲವೇ? ಹುಡುಗಿ ತನ್ನ ಕೈಯಲ್ಲಿ ಹುಟ್ಟಿದಳು ಎಂಬುದೂ ಇದರ ತಂಗಿಯೇ” ಎಂದರು. ಮುನ್ಸಿಫರು ಕಾಗದವನ್ನು ತರಿಸಿಕೊಂಡು ಓದಿದರು. ನನ್ನ ಅಕ್ಷರ ಮುತ್ತಿನಂತಿತ್ತಲ್ಲ, ಓದಲು ತಡವಾಗಲಿಲ್ಲ. ಅವರು ತಲೆಯಲ್ಲಾಡಿಸಿ ತಮಗೆ ಬರುತ್ತಿದ್ದ ಕನ್ನಡದ ಮೂರು ಮಾತುಗಳಲ್ಲಿ ಒಂದನ್ನು ಹೇಳಿದರು: “ಸುಳ್ಳು.”

ಮಧ್ಯಾಹ್ನ ಜಗಲಿಯ ಮೇಲೆ ಮುದುಕಿ ನನ್ನನ್ನು ತಡೆದಳು. ಪಕ್ಕದಲ್ಲಿ ಹುಡುಗಿ ಸೆರಗು ಕಚ್ಚಿಕೊಂಡು ಕೂತಿದ್ದಳು.

“ಏ ತಮ್ಮಾ, ಬಾ ಇಲ್ಲಿ. ಆ ಕರೀ ಕೋಟಿನಂವ ನನಗ ಸುಳ್ಳಿ ಅಂದನೇನು?”

“ವಕೀಲರು ಹಂಗೇ ಅಂತಾರ, ಆಯಿ. ಮನಸಿಗಿ ಹಚ್ಕೋಬ್ಯಾಡ.”

“ಯಾತಕ್ಕಂದ, ಹೇಳು.”

“ಹುಡುಗಿ ಅಪ್ಪ ಶಹಾಬಾದಕ್ಕ ಹೋಗಿದ್ದ ಅಂದಿದ್ದಿ ನೀನು. ಅಂವ ವಾಡಿಯಾಗಿದ್ನಂತ.”

“ಹೋಗಿದ್ದ ಅಂದೆನೇನು ನಾನು?” ಅವಳ ಬಾಯಲ್ಲಿ ಎಲೆ ಅಗಿಯುವುದು ನಿಂತಿತು. “ಹೋಗಿದ್ನಂತ, ಅಂದೆ. ಆಜೂಬಾಜೂದವ್ರು ಅಂದಿದ್ರು, ನಾ ಅಂದೆ. ಅಂವ ಹೋಗಾದು ನಾ ಯಾಕ ನೋಡ್ಲಿ? ನಾ ಒಳಗ ಬಾಣಂತಿ ಹಂತೇಲಿ ಕುಂತಿದ್ದೆ.”

ನಾನು ಬರೆದ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ: ‘ಅಂತ’ ಇರಲಿಲ್ಲ.

“ನೀ ಓದಿ ಹೇಳ್ದಾಗನೂ ‘ಹೋಗಿದ್ನಂತ’ ಅಂತನೇ ಓದ್ದಿ,” ಎಂದಳು ಅವಳು. “ಅದಕ್ಕೇ ಹೆಬ್ಬಟ್ಟು ಒತ್ತೀನಿ. ಇಲ್ಲಾಂದ್ರ ಒತ್ತತಿದ್ನೇನು?”

ಇದು ಸಾಧ್ಯವಿತ್ತು. ಕಾಗದದ ಮೇಲೆ ಇಲ್ಲದ ‘ಅಂತ’ವನ್ನು ಕನ್ನಡದಲ್ಲಿ ಓದುವಾಗ ನನ್ನ ಬಾಯಿ ತಾನಾಗಿಯೇ ಹಚ್ಚಿರಬೇಕು. ಕೈ ಕತ್ತರಿಸಿದ್ದನ್ನು ನಾಲಿಗೆ ಹೊಲಿದಿತ್ತು. ಆದರೆ ಹೊಲಿದದ್ದು ಗಾಳಿಯಲ್ಲಿ ಹೋಯಿತು, ಕತ್ತರಿಸಿದ್ದು ಮಿಸಲಿನಲ್ಲಿ ಉಳಿಯಿತು.

“ಕಾಗದದಾಗ ನಾ ಸುಳ್ಳಿ ಅಂತ ಬೀಳ್ತದೇನು?”

“ಬೀಳಬಹುದು, ಆಯಿ.”

“ಮೂರು ಹಳ್ಳಿ ತುಂಬ ನನ್ನ ಕೈಯಾಗ ಹುಟ್ಟಿದವ್ರು ಅದಾರ,” ಎಂದಳು. ದನಿ ಏರಿಸಲಿಲ್ಲ. “ಯಾರು ಮೊದಲು ಹುಟ್ಟಿದ್ರು, ಯಾರು ಯಾರ ಮಗ, ಎಲ್ಲಾ ನನ್ನೇ ಬಂದು ಕೇಳ್ತಾರ. ಮದುವಿಗಿ ಕೇಳ್ತಾರ, ಪಾಲಿಗಿ ಕೇಳ್ತಾರ. ನಾ ಸುಳ್ಳಿ ಆದ್ರ ಅವ್ರೆಲ್ಲಾ ಯಾರ ಮಕ್ಕಳಪ್ಪಾ? ಇಕಿದೊಂದು ಮನಿ ಹೋಗ್ತದ, ಖರೆ. ಅವ್ರದೂ ಹೋಗ್ತದಲ್ಲ.”

ಅಂದು ಸಂಜೆ ಸೇಡಮ್ಮಿನ ಬಸ್ಸಿನಲ್ಲಿ ನಾನು ಮಾಡಿದ ಚಿಂತೆಗೆ ಲೆಕ್ಕವಿಲ್ಲ. ತಪ್ಪು ಒಪ್ಪಿಕೊಂಡರೆ ಹಂಗಾಮಿ ಕೆಲಸ ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ಮುದುಕಿ ಸುಳ್ಳಿಯಾಗುತ್ತಾಳೆ. ಇದಕ್ಕಿಂತ ಕೆಟ್ಟ ಇನ್ನೊಂದು ಚಿಂತೆಯೂ ಇತ್ತು. ಅವಳು ‘ಅಂತ’ ಅಂದಿದ್ದು ನನಗೆ ನಿಜವಾಗಿ ನೆನಪಿದೆಯೋ, ಅಥವಾ ಅವಳು ಈಗ ಹೇಳಿದ್ದರಿಂದ ನೆನಪಿದೆ ಅನ್ನಿಸುತ್ತಿದೆಯೋ? ಎಷ್ಟು ತಡಕಿದರೂ ಆ ಕ್ಷಣದಲ್ಲಿ ನನ್ನ ಕಿವಿ ಸಿಗಲಿಲ್ಲ. ನನ್ನ ಲೇಖಣಿ ಮಾತ್ರ ಸಿಕ್ಕಿತು.

ಮನೆಯಲ್ಲಿ ತಾಯಿ ತಾಟು ಇಟ್ಟಳು. ನಾನು ಸುಮ್ಮನೆ ಮಾತಿಗೆಂಬಂತೆ ಹೇಳಿದೆ: “ಯಾರೋ ಒಬ್ಬ ಮುತರ್ಜಿಮ ಬಯಾನು ತಪ್ಪು ಬರದನಂತ. ಒಬ್ಬ ಮುದುಕಿ ಸುಳ್ಳಿ ಆಗಲಿಕತ್ತಾಳಂತ.”

ತಾಯಿ ನನ್ನ ಮುಖ ನೋಡಿದಳು. “ಬರದನಂತೋ, ಬರದಿಯೋ?”

ನಾನು ರೊಟ್ಟಿ ಮುರಿದೆ.

“ಹೇಳಿಬಿಡು ನಾಳಿ,” ಎಂದಳು.

“ಹೇಳಿದ್ರ ಕೆಲಸ ಹೋಗ್ತದ, ಅವ್ವಾ.”

“ಯಾರಂದ್ರು?”

“ಯಾರೂ ಅಂದಿಲ್ಲ. ನನಗ ಅನಸ್ತದ.”

“ಹಂಗಾದ್ರ ಅದು ‘ಹೋಗ್ತದ’ನೂ ಅಲ್ಲ, ‘ಹೋಗ್ತದಂತ’ನೂ ಅಲ್ಲ. ನಿನ್ನ ಹೊಟ್ಟ್ಯಾಗಿಂದು. ಉಣ್ಣು.”

ಆ ಮಾತಿನಷ್ಟು ನಿಖರವಾಗಿ ನನ್ನ ರೋಗವನ್ನು ಹಿಡಿದ ವೈದ್ಯರು ಇಂದಿಗೂ ಸಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಅದಾಲತ್ತು ತೆರೆಯುವ ಮೊದಲೇ ಪೇಶ್ಕಾರರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಶೇರ್ವಾನಿಯ ಅಂಚಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. ‘ಸುಮ್ಮನಿರು’ ಎಂದು ಅವರು ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

“ಇದ್ರ ಕೆಳಗ ನನ್ನ ದಸ್ಕತ್ತೂ ಅದ, ಮಿಯಾ,” ಎಂದರು ಕೊನೆಗೆ. “ಬುಡ್ಡೀ ಏನಂದಳು ಅಂತ ನಾನೂ ಕೇಳ್ಲಿಲ್ಲ. ನಿಮ್ಮ ಅಕ್ಷರ ನೋಡ್ತಾ ಕುಂತಿದ್ದೆ. ನಡೀರಿ, ಇಬ್ರೂ ಹೋಗಮು.”

ನಿವೃತ್ತಿಗೆ ವರ್ಷವಿದ್ದ ಮನುಷ್ಯ. ನನ್ನ ಜೊತೆ ಬರಬೇಕಾದ ಯಾವ ಗರಜೂ ಅವರಿಗಿರಲಿಲ್ಲ.

ಪೇಶಿ ಆ ದಿನಕ್ಕೂ ಮುಂದುವರಿದಿತ್ತು; ಎರಡೂ ಕಡೆಯವರನ್ನು ಕೂರಿಸಿಕೊಂಡೇ ಮುನ್ಸಿಫರು ನನ್ನ ಮಾತು ಕೇಳಿದರು. ಚಿಕ್ಕಪ್ಪನ ವಕೀಲರು ಎದ್ದು, “ಹುಜೂರ್, ಇಷ್ಟು ದಿನ ಮುತರ್ಜಿಮರು ತರ್ಜುಮೆ ಮಾಡುತ್ತಿದ್ದರು, ಈಗ ತಾವೇ ಸಾಕ್ಷಿ ಹೇಳಲು ನಿಂತಿದ್ದಾರೆ” ಎಂದರು. ನಾಲ್ಕು ಜನ ನಕ್ಕರು.

ಮುನ್ಸಿಫರು ನಗಲಿಲ್ಲ. ಉರ್ದುವಿನಲ್ಲಿ ಕೇಳಿದರು: “ಆ ಹೆಂಗಸು ಹಾಗೆ ಅಂದಿದ್ದನ್ನು ನಿಮ್ಮ ಕಿವಿಯಿಂದ ಕೇಳಿದಿರಾ?”

“ನೆನಪಿಲ್ಲ, ಹುಜೂರ್.” ಎಂದೆ. “ಆದರೆ ಆ ಮಿಸಲಿನಲ್ಲಿ ನಾನು ಬರೆದ ಯಾವ ಬಯಾನಿನಲ್ಲೂ ಆ ಮಾತಿಲ್ಲ. ನಮ್ಮ ಕಡೆಯವರು ಒಂದು ತಾಸು ಮಾತಾಡಿ ಒಂದು ಸಲವೂ ಅದನ್ನು ಅನ್ನದೆ ಇರುವುದು ಸಾಧ್ಯವಿಲ್ಲ. ಬಿಟ್ಟವನು ನಾನೇ.”

“ಓದಿ ಹೇಳುವಾಗ ಅದನ್ನು ಸೇರಿಸಿ ಓದಿದಿರಾ?”

ಅದಕ್ಕೆ ಉತ್ತರ ಉರ್ದುವಿನಲ್ಲಿ ಬರಲಿಲ್ಲ. ಬಾಯಿಂದ ಕನ್ನಡವೇ ಹೊರಬಿತ್ತು: “ಓದಿದೆನಂತ್ರಿ.”

ಹಿಂದೆ ಕೂತ ಹಳ್ಳಿಯವರೆಲ್ಲ ಗೊಳ್ಳೆಂದರು. ತಾನು ಮಾಡಿದ ಕೆಲಸಕ್ಕೆ ತಾನೇ ‘ಅಂತ’ ಹಚ್ಚುವವನನ್ನು ಅವರು ಯಾವತ್ತೂ ನೋಡಿರಲಿಲ್ಲ. ಮುನ್ಸಿಫರು ಪೇಶ್ಕಾರರ ಕಡೆ ತಿರುಗಿ, ಏನಂದ ಎಂದು ಕೇಳಿದರು. ಪೇಶ್ಕಾರರು ಎದ್ದು ನಿಂತರು. ಅದಾಲತ್ತಿನ ಪುಸ್ತಕದ ಉರ್ದು ಅವರಿಗೂ ಆ ಗಳಿಗೆಗೆ ಸಾಲಲಿಲ್ಲವೆಂದು ಕಾಣುತ್ತದೆ. ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲೇ ಹೇಳಿದರು:

“ಪಡಾ ಕತೇ, ಹುಜೂರ್.”

ಓದಿದನಂತ, ಎಂದರ್ಥ. ನಮ್ಮ ಕಿವಿಗೆ ಆ ‘ಕತೇ’ ಕನ್ನಡದ ‘ಕತೆ’ಯಂತೆ ಕೇಳಿಸುತ್ತದೆ. ಆದರೆ ದಖನಿ ಮಾತಾಡುವವರ ಮನೆಗಳಲ್ಲಿ ‘ಕತೇ’ ಎಂದರೆ ನಮ್ಮ ‘ಅಂತ’ವೇ. ‘ಬಂದನಂತ’ ಎನ್ನಲು ಅವರು ‘ಆಯಾ ಕತೇ’ ಎನ್ನುತ್ತಾರೆ. ಚಿಂಚೋಳಿ ಗಡಿಯ ತೆಲುಗರು ಇದಕ್ಕೇ ‘ಅಟ’ ಎನ್ನುತ್ತಾರೆ. ಸಂತೆಯಲ್ಲಿ ಮೂರು ಭಾಷೆಯವರೂ ಕೇಳಿದ್ದನ್ನು ಕೇಳಿದ್ದೆಂದೇ ಹೇಳಿ ಮನೆಗೆ ಹೋಗುತ್ತಿದ್ದರು. ಅದನ್ನು ಕಂಡದ್ದೆಂದು ಬರೆಯುತ್ತಿದ್ದವನು ಇಡೀ ಸೀಮೆಗೆ ನಾನೊಬ್ಬನೇ.

ಮುನ್ಸಿಫರ ಮುಖದಲ್ಲಿ ನಗೆ ಮೂಡಿತು. ಅಂಥ ನಗೆಯನ್ನು ಆ ಕುರ್ಚಿಯ ಮೇಲೆ ನಾನು ನೋಡಿರಲಿಲ್ಲ. “ಕತೇ?” ಎಂದರು. “ನಮ್ಮ ಅಮ್ಮೀಜಾನರು ದಿನಕ್ಕೆ ನೂರು ಸಲ ಅನ್ನುತ್ತಾರೆ. ಕರೆಯಿರಿ ಆ ಮುದುಕಿಯನ್ನು.” ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನೀವು ಗೋಡೆಯ ಹತ್ತಿರ ನಿಲ್ಲಿ. ಇವತ್ತು ತರ್ಜುಮೆ ಪೇಶ್ಕಾರ ಸಾಹೇಬರದು” ಎಂದರು.

ನಾನು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಮುನ್ಸಿಫರು ಒಂದೊಂದೇ ಕೇಳಿದರು, ಪೇಶ್ಕಾರರು ತಮ್ಮ ಕನ್ನಡದಲ್ಲಿ ದಾಟಿಸಿದರು.

“ಆಯಿ, ಮೇಜಿನ ಮ್ಯಾಲ ಏನದ?”

“ಮಸಿ ಕುಡಿಕಿ ಅದರಿ.”

“ಸಾಹೇಬ್ರದು ಯಾವೂರು?”

“ಹೈದ್ರಾಬಾದಂತ್ರಿ.”

“ಈ ವಕೀಲ ಸಾಹೇಬ್ರು ಎಲ್ಲಿಂದ ಬಂದಾರ?”

“ಬಸ್ಸಿನ್ಯಾಗಿಂದ ಇಳದಾರ್ರಿ, ನೋಡೀನಿ. ಬಸ್ಸು ಕಲಬುರ್ಗಿದಂತ.”

ಮುನ್ಸಿಫರು ಮುಂದಕ್ಕೆ ಬಾಗಿದರು. ಪೇಶ್ಕಾರರು ಪ್ರತಿ ಉತ್ತರವನ್ನೂ ‘ಹೈ’ ಇರುವಲ್ಲಿ ‘ಹೈ’, ‘ಕತೇ’ ಇರುವಲ್ಲಿ ‘ಕತೇ’ ಹಾಕಿ ತೂಕ ತಪ್ಪದಂತೆ ಹೇಳುತ್ತಿದ್ದರು.

“ನಿನಗ ವಯಸ್ಸೆಷ್ಟು?”

“ಅರವತ್ತಂತ್ರಿ.”

“ಅರೇ, ನಿಂದೇ ವಯಸ್ಸಿಗೂ ಅಂತೇನು?”

“ನಾ ಹುಟ್ಟಿದ್ದು ನಾ ಹ್ಯಾಂಗ ನೋಡ್ಲಿ ಸಾಹೇಬ್ರೇ? ನನಗ ಹಿಡದಾಕಿ ಸತ್ತು ಭಾಳ ದಿನ ಆಯ್ತು.”

“ಮತ್ತ ಈ ಹುಡುಗಿ?”

“ನನ್ನ ಕೈಯಾಗ ಹುಟ್ಯಾಳ್ರಿ.”

ಪೇಶ್ಕಾರರು ಅದನ್ನು ಉರ್ದುವಿನಲ್ಲಿ ಹೇಳಿದರು. ‘ಕತೇ’ ಇರಲಿಲ್ಲ. ಅದು ಇಲ್ಲದ್ದು ಎಲ್ಲರಿಗೂ ಕೇಳಿಸಿತು.

ವಕೀಲರು ಸುಮ್ಮನೆ ಕೂಡಲಾರದೆ ಎದ್ದು ಅರ್ಧ ಹಾಸ್ಯ, ಅರ್ಧ ಸಿಟ್ಟಿನಿಂದ ತಾವೇ ಕನ್ನಡದಲ್ಲಿ ಕೇಳಿದರು: “ಆಯ್ತು ಮುದುಕೀ, ಈ ಅದಾಲತ್ತಿನ್ಯಾಗ ನ್ಯಾಯ ಸಿಗ್ತದೇನು, ಹೇಳು?”

ಅವಳು ಮುನ್ಸಿಫರನ್ನು ಒಮ್ಮೆ, ವಕೀಲರನ್ನು ಒಮ್ಮೆ ನೋಡಿದಳು.

“ಸಿಗ್ತದಂತ್ರಿ.”

ಪೇಶ್ಕಾರರಿಗೆ ಇದನ್ನು ದಾಟಿಸಲು ಧೈರ್ಯ ಸಾಲಲಿಲ್ಲ. ಮುನ್ಸಿಫರು ಬಿಡಲಿಲ್ಲ. “ಮಿಲ್ತಾ ಕತೇ, ಹುಜೂರ್” ಎಂದು ಅವರು ನೆಲ ನೋಡುತ್ತ ಹೇಳಿದಾಗ ಮೊದಲು ನಕ್ಕವರು ಮುನ್ಸಿಫರೇ. ಆಮೇಲೆ ವಕೀಲರೂ ನಕ್ಕರು. ಒಳ್ಳೆಯ ಮನುಷ್ಯರು, ನಾನು ಹಾಕಿಕೊಟ್ಟ ದಾರಿಯಲ್ಲಿ ಅವರು ನಡೆದಿದ್ದರು, ಅಷ್ಟೇ.

ಅಂದೇ ಮುನ್ಸಿಫರು ಬಯಾನಿನ ಪಕ್ಕದಲ್ಲಿ ತಮ್ಮ ಕೈಯಾರೆ ‘ಸುನಾ ಹೈ’ ಎಂದು ಬರೆದು ಸಹಿ ಹಾಕಿದರು. ನನಗೆ ಹೇಳಿದ್ದು ಒಂದೇ ಮಾತು: “ನಾಳೆಯಿಂದ ಪುಟ ಉದ್ದವಾಗಲಿ.” ಕೆಲಸ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾನು ಆರು ತಿಂಗಳು ಚಿಂತೆ ಮಾಡಿದೆ. ಹೈದರಾಬಾದು ಹಂಚಿಹೋಗಿ ನಾವು ಮೈಸೂರಿನವರಾಗುವ ತನಕ ಅದೇ ಮೇಜಿನ ಮುಂದೆ ಕೂತು ಉದ್ದುದ್ದ ಪುಟ ಬರೆದೆ. ಓದಿದವರೆಲ್ಲ ಬೈದರು.

ಫೈಸಲಾ ಆದ ದಿನ ಜಗಲಿಯ ಮೇಲೆ ಮುದುಕಿಗೂ ಹುಡುಗಿಗೂ ನಾನೇ ಓದಿ ಹೇಳಿದೆ. ಮನೆ ಹುಡುಗಿಗೇ ಉಳಿದಿತ್ತು. ಸೂಲಗಿತ್ತಿ ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಹೇಳಿದ್ದಾಳೆ, ಅವಳ ಮಾತು ನಂಬತಕ್ಕದ್ದು ಎಂದು ಅದರಲ್ಲಿತ್ತು. ಆ ಸಾಲು ಎಲ್ಲಿದೆ ಎಂದು ಅವಳು ಕೇಳಿದಳು. ಅವಳ ಬೆರಳನ್ನು ಹಿಡಿದು ಸಾಲಿನ ಮೇಲೆ ಇಟ್ಟೆ. ಬಲದಿಂದ ಎಡಕ್ಕೆ ಒಮ್ಮೆ ಸವರಿದಳು.

“ನನ್ನಿಂದ ತಪ್ಪಾಯ್ತು, ಆಯಿ,” ಎಂದೆ.

“ಆಯ್ತು, ಖರೆ,” ಎಂದಳು, ಯಾವ ಮುಲಾಜೂ ಇಲ್ಲದೆ. “ಮದುವಿ ಆಗೇದೇನು ನಿಂದು?”

“ಇನ್ನೂ ಇಲ್ಲ.”

“ಆಗು. ಹೆರಗಿಗಿ ನನಗ ಕರಿ. ನಿನ್ನಂಥವನ ಮನ್ಯಾಗ ಕೂಸು ಹುಟ್ಟಿದ್ರ ಹುಟ್ಟೇದ ಅಂತ ಹೇಳಾಕರ ಒಬ್ರು ಬೇಕು.”

ಎರಡು ವರ್ಷದ ಮೇಲೆ ನಾನು ಖರೆಯೇ ಕರೆಸಿದೆ. ಹೆಂಡತಿಯ ತವರಿನಲ್ಲಿ ತಾಯಿಯಿರಲಿಲ್ಲ, ಆದ್ದರಿಂದ ಮೊದಲ ಹೆರಿಗೆ ನಮ್ಮ ಮನೆಯಲ್ಲೇ ಆಗಬೇಕಾಗಿತ್ತು. ಸೇಡಮ್ಮಿನಲ್ಲಿ ಸೂಲಗಿತ್ತಿಯರು ಇರಲಿಲ್ಲವೇ ಎಂದು ಓಣಿಯವರು ಕೇಳಿದರು. ಇದ್ದರು. ನಾನು ಬಸ್ಸಿನಲ್ಲಿ ಮನುಷ್ಯನನ್ನು ಕಳಿಸಿ ಇವಳನ್ನೇ ಕರೆಸಿದೆ. ಅದೇ ಗಂಟು, ಬಾಯಲ್ಲಿ ಅದೇ ಎಲೆ. ಬಂದವಳೇ ನನ್ನನ್ನು ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡಳು. ನನ್ನ ತಾಯಿ ಒಳಗಿದ್ದಳು. ನಾನು ಬೇವಿನ ಗಿಡದ ಸುತ್ತ ತಿರುಗುತ್ತ ಆಗಬಹುದಾದ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಯೋಚಿಸಿ ಮುಗಿಸಿದೆ. ಮುಗಿದ ಮೇಲೆ ಮೊದಲಿನಿಂದ ಶುರುಮಾಡಿದೆ.

ಬಿಸಿಲು ಏರುವ ಹೊತ್ತಿಗೆ ಬಾಗಿಲು ಅರ್ಧ ತೆರೆಯಿತು. ಅವಳು ತಲೆ ಹೊರಗೆ ಹಾಕಿ, “ಹೆಣ್ಣು. ತಾಯಿ ಮಗಳು ಇಬ್ರೂ ಚಂದ ಅದಾರ” ಎಂದು ಹೇಳಿ ಮತ್ತೆ ಒಳಗೆ ಹೋದಳು.

ಅದೇ ಹೊತ್ತಿಗೆ ಪೇಶ್ಕಾರರು ಸುದ್ದಿ ಕೇಳಲು ಕೊಡೆ ಹಿಡಿದು ಅಂಗಳಕ್ಕೆ ಬಂದರು. ಆಗಲೇ ಪೆನ್ಶನ್ ಆಗಿತ್ತು. ನನ್ನ ಸಲುವಾಗಿ ಬಸ್ಸು ಹತ್ತಿ ಬಂದಿದ್ದರು. “ಕ್ಯಾ ಮಿಯಾ, ಏನಾಯ್ತು?” ಎಂದರು.

ಎರಡು ವರ್ಷದಿಂದ ಎಚ್ಚರ ತಪ್ಪದೆ ನಡೆದುಕೊಂಡಿದ್ದ ಮನುಷ್ಯ ನಾನು. ಕಣ್ಣಿಂದ ಕಂಡಿರಲಿಲ್ಲವಾದ್ದರಿಂದ, “ಹೆಣ್ಣಂತ್ರಿ” ಎಂದೆ.

ಒಳಗಿನಿಂದ ಮುದುಕಿಯ ದನಿ ಬಂತು:

“ಇನ್ಯಾಕ ಅಂತ? ಕಾಲು ತೊಳಕೊಂಡು ಬಾ ಒಳಗ. ನೋಡು.”

ನಾನು ಕಾಲು ತೊಳೆದುಕೊಂಡೆ. ಸರಿಯಾಗಿ ತೊಳೆದೆನೋ ಇಲ್ಲವೋ ಎಂದು ಇನ್ನೊಮ್ಮೆ ತೊಳೆದೆ. ಆಮೇಲೆ ಒಳಗೆ ಹೋಗಿ ನೋಡಿದೆ.